ಬಾಂಡ್ ಪೇಪರಿನ ಮೇಲೆ ಮದುವೆ ಆಗುವುದಿಲ್ಲ

"ಅಫಿಡವಿಟ್ ಆಗಿದೆಯಲ್ಲ, ಮತ್ತೇನು ಬೇಕು?" ಎನ್ನುವವರ ಮಾತು ಕೇಳಿ ಕೇಳಿ ಸಾಕಾಗಿದೆ. ಬೇಕಾಗಿರುವುದು ಮದುವೆ! ಕಲಬುರಗಿಯಲ್ಲಿ ನೋಟರಿಯ ಮೇಜಿನ ಮುಂದೆ ನಿಂತು, "ನಾವಿಬ್ಬರೂ ಸ್ವಇಚ್ಛೆಯಿಂದ ಗಂಡ ಹೆಂಡತಿಯಾಗಿದ್ದೇವೆ" ಎಂದು ಟೈಪ್ ಮಾಡಿಸಿ, ಫೋಟೊ ಅಂಟಿಸಿ, ಸೀಲು ಹೊಡೆಸಿಕೊಂಡು ಕಮಲಾಪುರದ ಬಸ್ಸು ಹತ್ತುವ ಹುಡುಗಿ ಕಾನೂನಿನ ಪ್ರಕಾರ ಇನ್ನೂ ಮದುವೆಯಾಗದವಳೇ.

ಅಫಿಡವಿಟ್ ಅಂದರೆ ಬರೆಸಿದವರ ಮಾತು, ಅಷ್ಟೇ. ಅದು ತನಗೆ ಒಳಪಡುವುದಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆ ಮೊದಲ ಕಲಮಿನಲ್ಲೇ ಹೇಳಿತ್ತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಮದುವೆ, ವಿಚ್ಛೇದನದ ಅಫಿಡವಿಟ್ ಮಾಡಿಕೊಡುವ ಅಧಿಕಾರ ನೋಟರಿಗಳಿಗಿಲ್ಲ ಎಂದು ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಕಾನೂನು ಸಚಿವಾಲಯ ಕಟ್ಟುನಿಟ್ಟಾಗಿ ಸೂಚಿಸಿತು. ಇದನ್ನು ಓದಿಯೂ ಸೀಲು ಒತ್ತುವವರು ವಕೀಲರಲ್ಲ, ದಲ್ಲಾಳಿಗಳು.

ಈ ಕಾಗದದಿಂದ ಲಾಭ ಯಾರಿಗೆ? ಕೈಬಿಟ್ಟು ಹೋಗುವ ಗಂಡಸಿಗೆ. ಅವನು ನಾಳೆ ಇನ್ನೊಬ್ಬಳ ಕೊರಳಿಗೆ ತಾಳಿ ಕಟ್ಟಿದರೆ ದ್ವಿಪತ್ನಿತ್ವದ ದೂರು ನಿಲ್ಲುವುದು ಮೊದಲ ಮದುವೆ ವಿಧಿಪೂರ್ವಕ ನಡೆದದ್ದು ಸಾಬೀತಾದರೆ ಮಾತ್ರ. ಎರಡನೇ ಮದುವೆಗೂ ಇದೇ ನಿಯಮ: ಅದರ ಅಗತ್ಯ ವಿಧಿಗಳು ನಡೆದದ್ದು ಸಾಬೀತಾಗಲಿಲ್ಲವೆಂದು 1965ರಲ್ಲೇ, ಲೋಖಂಡೆ ಪ್ರಕರಣದಲ್ಲಿ, ಎರಡನೇ ಮದುವೆಯ ಆರೋಪಿಯನ್ನು ಸುಪ್ರೀಂ ಕೋರ್ಟ್ ಬಿಟ್ಟುಬಿಟ್ಟಿತು. 2024ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್ ಇನ್ನೂ ಮುಂದೆ ಹೋಗಿ, ವಿಧಿಗಳೇ ನಡೆಯದಿದ್ದರೆ ಸರ್ಕಾರದ ನೋಂದಣಿ ಪ್ರಮಾಣಪತ್ರವಿದ್ದರೂ ಅದು ಹಿಂದೂ ಮದುವೆಯಲ್ಲ ಎಂದಿತು. ಸರ್ಕಾರಿ ಪ್ರಮಾಣಪತ್ರವೇ ನಿಲ್ಲದ ಕಡೆ ನಿಮ್ಮ ಬಾಂಡ್ ಪೇಪರ್ ನಿಲ್ಲುತ್ತದೆಯೇ?

"ಪ್ರೀತಿಸಿದವರು ಮತ್ತೆಲ್ಲಿಗೆ ಹೋಗಬೇಕು?" ಎಂದು ಕೇಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ಬೌದ್ಧರಿಗೂ ಜೈನರಿಗೂ ಅನ್ವಯಿಸುತ್ತದೆ. ಅದರಡಿ ಜಾತಿ ಬೇರೆಯಾದರೂ 30 ದಿನಗಳ ನೋಟಿಸಿಲ್ಲ. ಇಬ್ಬರಲ್ಲಿ ಒಬ್ಬರ ಪದ್ಧತಿಯಂತೆ ಮದುವೆಯಾಗಿ ನೋಂದಾಯಿಸಿದರಾಯಿತು. 2024ರಿಂದ ಅದಕ್ಕೂ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಧರ್ಮ ಬೇರೆಯಾದವರಿಗೆ ವಿಶೇಷ ವಿವಾಹ ಕಾಯ್ದೆಯ ಆ 30 ದಿನ ನಿಜಕ್ಕೂ ಕ್ರೌರ್ಯ. ಅವರ ಹೆಸರನ್ನು ಗೋಡೆಗೆ ಅಂಟಿಸಿ ಬೆದರಿಸುವವರಿಗೆ ವಿಳಾಸ ಕೊಟ್ಟಂತೆ. ಹಾಗಿದ್ದರೆ ಆ ಕಲಮನ್ನು ತೆಗೆಸಲು ಹೋರಾಡಿ. ಅದು ಬಿಟ್ಟು ಹುಡುಗಿಯರ ಕೈಗೆ ಬೆಲೆಯಿಲ್ಲದ ಕಾಗದ ಕೊಟ್ಟು ಉಪಕಾರ ಮಾಡಿದೆವು ಎನ್ನಬೇಡಿ.

ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ನಮ್ಮ ಕಡೆ ಲಕ್ಷಗಟ್ಟಲೆ ಸುರಿದು ಡಿಜೆ ಹಚ್ಚಿ ಮದುವೆ ಮಾಡುವ ಮನೆಗಳಿಗೂ ಆ ಒಂದು ಅರ್ಜಿ ಭಾರ. ಸರ್ಕಾರವಂತೂ ಕೇಳುವುದೇ ಬೇಡ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಕಮಲಾಪುರ ತಾಲ್ಲೂಕೂ ಆಯಿತು. ಆದರೂ ಇಲ್ಲಿಯ ಹಳ್ಳಿಯವರಿಗೆ ಕಚೇರಿಗಿಂತ ಏಜೆಂಟನೇ ಹತ್ತಿರ. ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟವರು ಕಲ್ಯಾಣವಾದ ಹೆಣ್ಣಿಗೆ ಒಂದು ಪತ್ರ ಮನೆಬಾಗಿಲಿಗೆ ಮುಟ್ಟಿಸಲಾರರೇ? ಬಾಲ್ಯವಿವಾಹ ಮೊದಲ ದಿನದಿಂದಲೇ ಅಸಿಂಧು ಎಂದು ನಮ್ಮ ರಾಜ್ಯವೇ ಕಾಯ್ದೆ ಮಾಡಿದೆ. ಹುಡುಗಿಗೆ ಹದಿನೆಂಟಾಗಿದೆ ಎನ್ನುವುದಕ್ಕೂ ಇಂಥ ಕಾಗದವನ್ನೇ ನಂಬಿದರೆ ಆ ಕಾಯ್ದೆ ಯಾಕೆ ಬೇಕು?

ನೋಟರಿಗಳ ವಹಿಗಳನ್ನು ಜಿಲ್ಲಾಡಳಿತ ತರಿಸಿ ನೋಡಲಿ, ಮದುವೆಗೆ ಸೀಲು ಒತ್ತಿದವರ ಹೆಸರು ಸರ್ಕಾರಕ್ಕೆ ಬರೆದು ಪರವಾನಗಿ ರದ್ದು ಮಾಡಿಸಲಿ. ತಂಗಿ, ನಿನಗೆ ಒಂದೇ ಮಾತು: ಬಾಂಡ್ ಮಾಡಿಸೋಣ ಬಾ ಎಂದು ಕರೆಯುವವನಿಗೆ, ಮೂವರು ಸಾಕ್ಷಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಾ ಎನ್ನು. ಬಾರದಿದ್ದರೆ ಅವನಿಗೆ ಸಹಿ ಕೊಡಬೇಡ.