ಚಿತ್ರವು ಮೂಕವೇ?

ಚಿತ್ರವು ಕಣ್ಣಿಗೆ ಮಾತ್ರ ಸೇರಿದುದು. ಕಿವಿಗೆ ಅದರಲ್ಲಿ ಅಧಿಕಾರವಿಲ್ಲ. ಚಿತ್ರದೊಳಗೆ ಮಾತನ್ನು ಬರೆಯುವವನು ಕುಂಚದಲ್ಲಿ ಶಕ್ತಿಯಿಲ್ಲದವನು ಎಂಬುದು ಪೂರ್ವಪಕ್ಷ. ಈ ಪಕ್ಷಕ್ಕೆ ಆಚಾರ್ಯನು ಇಟಲಿಯವನೇ ಆದ ವಸಾರಿ. 16ನೆಯ ಶತಮಾನದಲ್ಲಿ ಚಿತ್ರಕಾರರ ಚರಿತ್ರೆಗಳನ್ನು ಬರೆದ ಈತನು, ಬಫಲ್ಮಾಕೊ ಎಂಬವನ ಪ್ರಸಂಗದಲ್ಲಿ, ಚಿತ್ರಿತವಾದ ಬಾಯಿಗಳಿಂದ ಅಕ್ಷರಗಳನ್ನು ಹೊರಡಿಸುವ ಪದ್ಧತಿಯು ಮೂರ್ಖರಿಗೆ ಮೆಚ್ಚಿಕೆಯಾದ ಆಟವೆಂದು ನಕ್ಕುಬಿಟ್ಟನು. ಆ ನಗೆಯನ್ನೇ ಪ್ರಮಾಣವಾಗಿ ಹಿಡಿಯುವವರು ಇಂದಿಗೂ ಇದ್ದಾರೆ.

ಈ ವಾದವು ನಿಲ್ಲತಕ್ಕುದಲ್ಲ. ಸಿಯೆನಾ ನಗರದ ಪ್ರಧಾನ ದೇವಾಲಯಕ್ಕಾಗಿ ಸಿಮೋನೆ ಮಾರ್ಟಿನಿಯೂ ಲಿಪ್ಪೊ ಮೆಮ್ಮಿಯೂ 1333ರಲ್ಲಿ ರಚಿಸಿದ ಚಿತ್ರವನ್ನು ವಾಚಕರು ಪರಿಶೀಲಿಸಲಿ. ದೇವದೂತನಾದ ಗಬ್ರಿಯೇಲನ ವಂದನೆಯು ಬಂಗಾರದ ನೆಲದ ಮೇಲೆ ಉಬ್ಬಿದ ಲ್ಯಾಟಿನ್ ಅಕ್ಷರಗಳಾಗಿ ಬಾಯಿಂದ ಹೊರಟು ಮರಿಯಳ ಕಿವಿಯತ್ತ ಸಾಗುತ್ತದೆ. ಪುಸ್ತಕವನ್ನು ಹಿಡಿದಿದ್ದ ಆಕೆಯು ಬೆದರಿ ಹಿಂದಕ್ಕೆ ಸರಿಯುತ್ತಾಳೆ. ಆ ಬೆದರಿಕೆಯನ್ನು ಮೈಯ ಒಂದೇ ಬಾಗಿನಲ್ಲಿ ತೋರಿದ ಕೈಗೆ ಶಕ್ತಿಯಿಲ್ಲವೆಂದು ಯಾರು ಹೇಳಿಯಾರು? ದೈವೀ ವಾಕ್ಕು ಕಿವಿಯ ದ್ವಾರದಿಂದಲೇ ಮರಿಯಳನ್ನು ಪ್ರವೇಶಿಸಿತೆಂಬ ಭಾವನೆಯು ಮಧ್ಯಯುಗದ ಕ್ರೈಸ್ತರಲ್ಲಿ ಪ್ರಸಿದ್ಧವಾಗಿದ್ದಿತು. ಹೀಗಿರುವಲ್ಲಿ ಆ ಅಕ್ಷರಪಂಕ್ತಿಯು ಚಿತ್ರಕ್ಕೆ ಅಂಟಿಸಿದ ಚೀಟಿಯಲ್ಲ. ಅಲ್ಲಿ ನಡೆಯುವ ಕಾರ್ಯವೇ ಅದು.

ಅಕ್ಷರವಿಲ್ಲದೆಡೆಯಲ್ಲಿಯೂ ಧ್ವನಿಯುಂಟು. ಸಂತ ಫ್ರಾನ್ಸಿಸನು 1223ರಲ್ಲಿ ಗ್ರೆಚ್ಚೊ ಗ್ರಾಮದಲ್ಲಿ ನಡೆಸಿದ ಕ್ರಿಸ್ತಜನ್ಮೋತ್ಸವವು ಅಸಿಸಿಯ ಮೇಲಣ ದೇವಾಲಯದ ಗೋಡೆಯಲ್ಲಿ ಚಿತ್ರಿತವಾಗಿದೆ. ಅಲ್ಲಿ ಸಂನ್ಯಾಸಿಗಳು ಬಾಯ್ದೆರೆದು ಹಾಡುತ್ತಿದ್ದಾರೆ. ಅದನ್ನು ಬರೆದವನು ಜೊತ್ತೊ ಹೌದೋ ಅಲ್ಲವೋ ಎಂದು ಪಂಡಿತರು ಬಹುಕಾಲ ಕಾದಾಡಿದ್ದಾರೆ. ಬರೆದವನ ಹೆಸರಿಗಾಗಿ ಪಟ್ಟ ಶ್ರಮದಲ್ಲಿ ಒಂದು ಪಾಲನ್ನಾದರೂ ಆ ತೆರೆದ ಬಾಯಿಗಳಿಗೆ ಮೀಸಲಿಡಬಾರದೇ?

ಇನ್ನು ದುಚ್ಚೊ ರಚಿಸಿದ ಮಾತೃಮೂರ್ತಿಯ ಮಹಾಫಲಕ. ಸುಮಾರು ನಾಲ್ಕೂವರೆ ಮೀಟರು ಎತ್ತರದ ಅದನ್ನು 1285ರಲ್ಲಿ ಬರೆಯಿಸಿದವರು ಯಾರು? ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ದೇವಾಲಯದ ಲೌದೇಸಿ ಸಂಘದವರು. ಮರಿಯಳ ಸ್ತುತಿಗಳನ್ನು ದೇಶಭಾಷೆಯಲ್ಲಿ ಕೂಡಿ ಹಾಡುವುದೇ ವ್ರತವಾಗಿದ್ದ ಗೃಹಸ್ಥರು. ಹಾಡುವವರು ಹಣ ತೆತ್ತು ಬರೆಯಿಸಿದ ಚಿತ್ರವು ಕಿವಿಗೆ ಹೊರಗಿನದೆಂಬುದು ಯಾವ ನ್ಯಾಯ?

ಸಿಮೋನೆಯ ಚಿತ್ರವೂ ದುಚ್ಚೊನ ಫಲಕವೂ ಈಗ ಫ್ಲಾರೆನ್ಸಿನ ಉಫ್ಫಿಜಿ ಸಂಗ್ರಹಾಲಯದಲ್ಲಿವೆ. ಅವು ಕೆಡದಂತೆ ಉಳಿದುದಕ್ಕೆ ಸಂಗ್ರಹಾಲಯವನ್ನು ಯಾರೂ ನಿಂದಿಸಲಾರರು. ಆದರೆ ಪೂಜೆಯನ್ನೂ ಹಾಡನ್ನೂ ಕಳೆದು ಗೋಡೆಗೆ ತೂಗಿದ ಮೇಲೆ ಚಿತ್ರವು ಹುಟ್ಟುಮೂಕವೆಂದು ಎಳೆಯರಿಗೆ ಬೋಧಿಸುವುದು ಮಾತ್ರ, ವೀಣೆಯ ತಂತಿಗಳನ್ನು ಕಿತ್ತು, ಅದಕ್ಕೆ ನಾದವೇ ಇಲ್ಲವೆಂದು ದೂರಿದಂತಾಗುತ್ತದೆ.