ಭಾನುವಾರ ಮಂಡಿಗೂ ರಜೆನಾ?

ಶುಕ್ರವಾರ ಅಮ್ಮನ ಮಂಡಿ ಆಪರೇಷನ್ ಆಯ್ತು. "ನಾಳೆಯಿಂದಲೇ ನಡೆಸ್ಬೇಕು" ಅಂತ ಡಾಕ್ಟರು ಹೇಳಿ ಹೋದರು. ನಡೆಸೋರು ಯಾರು? ಶನಿವಾರ ಕೇಳಿದರೆ ನರ್ಸಮ್ಮ, "ಫಿಸಿಯೋ ಸೋಮವಾರ ಬರ್ತಾರೆ ಸಾರ್" ಅಂದರು. ಎರಡು ದಿನ ಅಮ್ಮ ಮಲಗಿದ್ದಲ್ಲೇ. ರೂಮಿನ ಬಿಲ್ಲು ಮಾತ್ರ ಭಾನುವಾರವೂ ಚೆನ್ನಾಗೇ ಓಡಿತು :)

ಯಾವುದೋ ಸರ್ವರ್ ಬಿದ್ದರೆ ಭಾನುವಾರ ರಾತ್ರಿ ಎರಡಕ್ಕೂ ನನ್ನನ್ನು ಎಬ್ಬಿಸ್ತಾರೆ. ಮನುಷ್ಯರನ್ನು ಎಬ್ಬಿಸೋಕೆ ಸೋಮವಾರವೇ ಬರಬೇಕಾ ಸ್ವಾಮೀ? ಮಲಗಿದಷ್ಟೂ ಮಂಡಿ ಬಿಗಿಯುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

"ಎರಡು ದಿನದಲ್ಲಿ ಏನು ಮಹಾ ಆಗುತ್ತೆ?" ಅನ್ನೋರು 2013ರಲ್ಲಿ ಪ್ರಕಟವಾದ, ಮೆಲ್ಬರ್ನ್‌ನ 996 ರೋಗಿಗಳ ಅಧ್ಯಯನ ನೋಡಲಿ. ಪುನಶ್ಚೇತನ ವಾರ್ಡಿನಲ್ಲಿ ಶನಿವಾರವೂ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಸಿಕ್ಕವರು ಮನೆಗೆ ಹೋಗುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳೋದರಲ್ಲಿ ಉಳಿದವರಿಗಿಂತ ಮುಂದಿದ್ದರು. ಹೌದು, 2017ರಲ್ಲಿ ಅದೇ ಊರಿನ ಇನ್ನೊಂದು ಅಧ್ಯಯನಕ್ಕೆ ಮೆಡಿಕಲ್, ಸರ್ಜಿಕಲ್ ವಾರ್ಡುಗಳಲ್ಲಿ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ಸರಿ, ಎಲ್ಲರಿಗೂ ಬೇಡ. ಅವತ್ತು ಎದ್ದು ನಿಲ್ಲಲೇಬೇಕಾದವರಿಗೆ ಒಬ್ಬರನ್ನು ಇಡಿ, ಅವರಿಗೆ ಮಂಗಳವಾರ ರಜೆ ಕೊಡಿ. ಶಿಫ್ಟ್ ಹಾಕೋದು ಅಷ್ಟು ಕಷ್ಟವಾ?

ಅಲ್ಲೀವರೆಗೆ, ಶುಕ್ರವಾರ ಆಪರೇಷನ್‌ಗೆ ಒಪ್ಪೋ ಮುಂಚೆ ಕೇಳಿ: ಶನಿವಾರ ನಡೆಸೋಕೆ ಯಾರು ಬರ್ತಾರೆ? ನಾನು ಕೇಳಿರಲಿಲ್ಲ.