ಗುಂಡಿ ತೋಡುವ ಮುನ್ನ ಬೊಡ್ಡೆಗಳನ್ನು ನೋಡಿರಿ

ಮಾನ್ಯ ಸಂಪಾದಕರಿಗೆ,

ಮಳೆಗಾಲ ಸಮೀಪಿಸಿತೆಂದರೆ, ಈ ಸಾಲಿನಲ್ಲಿ ಇಂತಿಷ್ಟು ಲಕ್ಷ ಸಸಿಗಳನ್ನು ನೆಡಲಾಗುವುದೆಂಬ ಪ್ರಕಟಣೆಗಳು ಪತ್ರಿಕೆಗಳಲ್ಲಿ ಕಾಣತೊಡಗುತ್ತವೆ, ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ನಡೆದುಬಂದಿರುವ ಈ ಪರಿಪಾಠದ ಸದುದ್ದೇಶದಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯ ಗುಡ್ಡಗಳಂತಹ ಒಣನೆಲದಲ್ಲಿ, ಕಡಿದ ಕಾಡು ಮರಳಿ ಬರುವುದು ನೆಟ್ಟ ಸಸಿಯಿಂದಲೇ ಎಂಬ ನಂಬಿಕೆಯನ್ನು ಮಾತ್ರ, ಈ ನೆಲದಲ್ಲಿಯೇ ಬಾಳಿ ಮುದುಕನಾದ ನಾನು ಒಪ್ಪಲಾರೆ.

ಈ ನಂಬಿಕೆ ನಮ್ಮಲ್ಲಿ ಹೇಗೆ ಬೆಳೆದುಬಂದಿತೆಂಬುದನ್ನು ಬಲ್ಲೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಾವು ತೆಂಗಿನವರು. ತೆಂಗಿಗೆ ಇರುವುದು ಒಂದೇ ಸುಳಿ. ಸುಳಿ ಹೋದರೆ ಮರ ಹೋಯಿತು, ಕಡಿದ ಬುಡದಿಂದ ಅದು ಎಂದಿಗೂ ಚಿಗುರದು. ಆದುದರಿಂದ ಗುಂಡಿ ತೋಡಿ, ಸಸಿಯಿಟ್ಟು, ನೀರು ಹೊತ್ತು ಹಾಕುವುದೊಂದೇ ನಮಗೆ ತಿಳಿದ ಮಾರ್ಗ. ತೋಟದ ಈ ರೂಢಿಯನ್ನೇ ನಾವು ಗುಡ್ಡಕ್ಕೂ ಹೊತ್ತುಕೊಂಡು ಹೋದೆವು. ಅಲ್ಲಿನ ದಿಂಡಿಗ, ತುಗ್ಗಲಿ, ಹೊಂಗೆಗಳ ಸ್ವಭಾವವೇ ಬೇರೆ. ಅವುಗಳ ಬುಡದ ತೊಗಟೆಯೊಳಗೆ ನಿದ್ರಿಸುತ್ತಿರುವ ಮೊಗ್ಗುಗಳು, ಮೇಲಣ ಕಾಂಡ ಹೋದ ಮರುಮಳೆಗೇ ಎಚ್ಚೆತ್ತು ಹೊರಡುತ್ತವೆ. ಎಷ್ಟೋ ವರ್ಷಗಳಿಂದ ಬಂಡೆಯ ಸೀಳುಗಳಲ್ಲಿ ಇಳಿದು ನಿಂತಿರುವ ಹಳೆಯ ಬೇರು ಅವುಗಳ ಬೆನ್ನಿಗಿರುವುದರಿಂದ, ಮಳೆ ಕೈಕೊಟ್ಟ ವರ್ಷದಲ್ಲಿಯೂ, ಪಕ್ಕದ ಗುಂಡಿಯ ಸಸಿ ಒಣಗಿ ಕಡ್ಡಿಯಾಗಿರುವಾಗಲೂ, ಅವು ಹಸಿರಾಗಿರುತ್ತವೆ. ಕಬ್ಬಿನ ಕೂಳೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ತೋಟದ ಮೇಲಂಚಿನಲ್ಲಿ ಒಂದು ದಿಂಡಿಗದ ಬೊಡ್ಡೆಯಿದೆ. ಕೊಬ್ಬರಿ ಅಟ್ಟದ ತೊಲೆಗಾಗಿ ನಮ್ಮ ತಂದೆಯವರು ಅದನ್ನು, ಎಲೆಯುದುರಿದ ಮಾಘಮಾಸದಲ್ಲಿ, ನೆಲದಿಂದ ಗೇಣೆತ್ತರವನ್ನು ಮೀರದಂತೆ, ಮಳೆಯ ನೀರು ಮೇಲೆ ನಿಲ್ಲದೆ ಜಾರಿಹೋಗಲೆಂದು ಓರೆಯಾಗಿ ಕಡಿದರು; ತೊಗಟೆ ಎಲ್ಲಿಯೂ ಮರವನ್ನು ಬಿಟ್ಟು ಸೀಳದಿರಲೆಂದು ಕೊಡಲಿಯ ಏಟುಗಳನ್ನು ಸುತ್ತಲಿಂದ ಹಾಕಿದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಭರಣಿ ಮಳೆ ಬಿದ್ದ ಮೇಲೆ ಅದರ ಸುತ್ತ ಹತ್ತಾರು ಚಿಗುರುಗಳೆದ್ದುವು. ಆಡು ಬಾಯಿ ಹಾಕದಂತೆ ಕಾರೆಮುಳ್ಳು ಕಟ್ಟಿ, ಎರಡನೆಯ ವರ್ಷ, ನೆಲಕ್ಕೆ ತೀರ ಹತ್ತಿರದಿಂದ ಹೊರಟಿದ್ದ ಎರಡನ್ನು ಉಳಿಸಿ, ಮಿಕ್ಕುವನ್ನು ಸವರಿಹಾಕಿದರು. ಅವೆರಡರಲ್ಲಿ ಒಂದು ನನ್ನ ಮಗನ ಮನೆಗೆ ತೊಲೆಯಾಯಿತು, ಇನ್ನೊಂದು ನಿಂತಿದೆ. ಇದಕ್ಕೆ ಪ್ರತಿಯಾಗಿ, ಸೌದೆಯ ಆತುರಕ್ಕೆ ಸೊಂಟದೆತ್ತರದಲ್ಲಿ ಕೊಚ್ಚಿದ ಮರಗಳು ಅದೇ ಗುಡ್ಡದ ಮೇಲಿವೆ. ಅವುಗಳ ಚಿಗುರು ಮೋಟಿನ ತಲೆಯಿಂದ ಹೊರಟು, ಒಳಗೆ ಕೊಳೆತು, ಆಷಾಢದ ಗಾಳಿಗೆ ಕಳಚಿ ಬೀಳುತ್ತದೆ.

ಎಲ್ಲ ಮರಕ್ಕೂ ಒಂದೇ ವಿಧಿ ಸಲ್ಲುವುದೆಂದು ನಾನು ಹೇಳುತ್ತಿಲ್ಲ. ೨೦೧೯ರಲ್ಲಿ ಚಿಂಕಾರ ಅಭಯಾರಣ್ಯವೆಂದು ಘೋಷಿತವಾದ ಬುಕ್ಕಾಪಟ್ಟಣದ ಕಾಡಿನ ಕಮರ, ಬುಡದಿಂದ ಚಿಗುರುವುದನ್ನು ನಂಬಿ ಕಡಿಯಬಹುದಾದ ಮರವಲ್ಲ. ಅದರ ಎಳೆಯ ಸಸಿ, ಮೇಲಿನ ಕಡ್ಡಿ ಬೇಸಗೆ ಬೇಸಗೆಗೂ ಒಣಗಿಹೋಗುತ್ತಿದ್ದರೂ, ತಾಯಿಬೇರನ್ನು ವರ್ಷಗಟ್ಟಲೆ ಆಳಕ್ಕಿಳಿಸಿಕೊಂಡು, ಆಮೇಲಷ್ಟೆ ಮರವಾಗಲು ಹೊರಡುತ್ತದೆ. ಅಂತಹುದಕ್ಕೆ ಬೀಜದ ಮರಗಳನ್ನು ಉಳಿಸಿ, ಬೆಂಕಿಯನ್ನು ತಡೆದು, ಕಾಯಬೇಕು. ಶ್ರೀಗಂಧವನ್ನಾದರೋ ಬೇರುಸಹಿತ ಅಗೆದು ತೆಗೆಯುತ್ತಾರೆ. ಆದರೂ ನೆಲದಲ್ಲುಳಿದ ಬೇರಿನ ತುಂಡುಗಳಿಂದ ಅದು ಮತ್ತೆ ಎದ್ದುಬರುತ್ತದೆ.

ನೀಲಗಿರಿಯ ಕಥೆ ತಮ್ಮ ಓದುಗರಿಗೆ ತಿಳಿದದ್ದೇ. ೧೯೮೩ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ರೈತಸಂಘದವರು ಸಸ್ಯಕ್ಷೇತ್ರಗಳಿಗೆ ಹೋಗಿ ನೀಲಗಿರಿಯ ಸಸಿಗಳನ್ನು ಕಿತ್ತು, ಹುಣಸೆ, ಮಾವುಗಳ ಬೀಜ ಬಿತ್ತಿದರು. ಈಗ ನೀಲಗಿರಿಯ ನೆಡುತೋಪುಗಳು ಅಲ್ಲಲ್ಲಿ ತೆರವಾಗುತ್ತಿರುವುದು ಸಂತೋಷದ ಸಂಗತಿಯೇ. ನನ್ನ ಆಕ್ಷೇಪಣೆ ತೆರವಿನ ರೀತಿಯ ಮೇಲೆ. ನಮ್ಮ ಹಳ್ಳಿಯ ಹಿಂದಣ ಇಳಿಜಾರಿನಲ್ಲಿ ಗುತ್ತಿಗೆ ಹಿಡಿದವರು ನೀಲಗಿರಿಯ ಬೊಡ್ಡೆಗಳೊಂದಿಗೆ, ಅವುಗಳ ನಡುವೆ ಹೇಗೋ ಜೀವ ಹಿಡಿದಿದ್ದ ತುಗ್ಗಲಿ, ದಿಂಡಿಗಗಳ ಬುಡಗಳನ್ನೂ ಯಂತ್ರದಿಂದ ಎತ್ತಿ ರಾಶಿ ಹಾಕಿದರು. ಆಮೇಲೆ, ಬೇರುಗಳಿದ್ದ ಆ ಜಾಗದಲ್ಲಿಯೇ ಪ್ಲಾಸ್ಟಿಕ್ ಚೀಲದ ಸಸಿಗಳನ್ನು ಊರಿದರು. ಅವುಗಳಲ್ಲಿ ಬೇಸಗೆಯನ್ನು ದಾಟಿದುವು ಕೆಲವೇ ಕೆಲವು. ಸಡಿಲಗೊಂಡ ಕೆಮ್ಮಣ್ಣು ಮೊದಲ ಹದಮಳೆಗೇ ಹಳ್ಳಕ್ಕಿಳಿಯಿತು. ಮೈಸೂರು ಸಂಸ್ಥಾನದ ಕಾಲದಲ್ಲಿ ಸುವರ್ಣಮುಖಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಬೋರನಕಣಿವೆಯ ಜಲಾಶಯಕ್ಕೆ ಇಂತಹ ಹಳ್ಳಗಳೇ ನೀರನ್ನೂ ಹೂಳನ್ನೂ ತರುವಂತಹವು.

೧೮೬೪ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾದ ಕಾಲದಿಂದ ಇಷ್ಟು ದೀರ್ಘ ಅನುಭವ ಪಡೆದಿರುವವರಿಗೆ ಬೊಡ್ಡೆಯ ಚಿಗುರಿನಿಂದ ಕಾಡು ಬೆಳೆಸುವುದು ಹೊಸ ವಿದ್ಯೆಯೇನಲ್ಲ. ಗುಡ್ಡವನ್ನು ಕೂಪುಗಳಾಗಿ ವಿಂಗಡಿಸಿ, ವರ್ಷಕ್ಕೊಂದನ್ನು ಮಾತ್ರ ಕಡಿದು, ಬೀಜಕ್ಕೂ ನೆರಳಿಗೂ ಒಳ್ಳೆಯ ಮರಗಳನ್ನು ಅಲ್ಲಲ್ಲಿ ನಿಲ್ಲಿಸಿ, ಚಿಗುರು ಆಡಿನ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ ಆ ಭಾಗಕ್ಕೆ ದನಕುರಿಗಳನ್ನು ಬಿಡದಿರುವುದು ಹಳೆಯ ಪದ್ಧತಿ. ಕುರಿಯವರಿಗೆ ಇದರಿಂದ ತೊಂದರೆಯಾಗದೇ ಎಂದು ಕೇಳುವವರುಂಟು. ಇಡೀ ಗುಡ್ಡವನ್ನು ಒಮ್ಮೆಗೇ ಮುಚ್ಚಿದರೆ ಖಂಡಿತವಾಗಿಯೂ ಆಗುತ್ತದೆ, ಮತ್ತು ಕಂಬಳಿಗೆ ಹೆಸರಾದ ಈ ನಾಡಿನಲ್ಲಿ ಕುರಿಯವರನ್ನು ಹೊರಗಿಟ್ಟು ಮಾಡಿದ ಯಾವ ಏರ್ಪಾಡೂ ನಿಲ್ಲದು. ಆದರೆ ಯಾವ ಮಗ್ಗುಲನ್ನು ಯಾವ ವರ್ಷ ಬಿಡಬೇಕೆಂಬುದನ್ನು ಅವರೊಡನೆ ಕುಳಿತು ಗೊತ್ತುಮಾಡಿದರೆ, ಬೆಂಕಿ ಬಿದ್ದಾಗ ಮೊದಲು ಓಡಿಬರುವವರೂ ಅವರೇ.

ನನ್ನ ಕೋರಿಕೆ ಇಷ್ಟೆ: ಎಲ್ಲಿಯಾದರೂ ಸಸಿ ನೆಡಲು ಅಪ್ಪಣೆಯಾಗುವ ಮುನ್ನ, ಆ ನೆಲದಲ್ಲಿ ಜೀವಂತವಾಗಿರುವ ಬೊಡ್ಡೆಗಳೆಷ್ಟು ಎಂಬುದನ್ನು ಎಣಿಸಿ ಬರೆಯಿಸಲಿ; ಬೊಡ್ಡೆಯಿಲ್ಲದ ಬಯಲಿನಲ್ಲಿ ಗುಂಡಿ ತೋಡಲಿ. ನಮ್ಮ ಗುಡ್ಡದ ಮೂಡಣ ಮಗ್ಗುಲನ್ನು ಯಂತ್ರ ಇನ್ನೂ ಮುಟ್ಟಿಲ್ಲ. ಈ ಸಾರಿಯ ಭರಣಿ ಮಳೆಗೆ ಅಲ್ಲಿ ತುಗ್ಗಲಿಯ ಬೊಡ್ಡೆಗಳು ಮೊಣಕಾಲೆತ್ತರ ಚಿಗುರಿವೆ. ಸಂಬಂಧಪಟ್ಟ ಅಧಿಕಾರಿಗಳು ಜುಲೈಗೆ ಮುನ್ನ ಒಮ್ಮೆ ಬಂದು ನೋಡುವುದಾದರೆ, ಬೆಳಗಿನ ಹೊತ್ತು ಕರೆದುಕೊಂಡು ಹೋಗಿ ತೋರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ತೆಂಗು ಬೆಳೆಗಾರ,
ಬೋರನಕಣಿವೆ